ಎರಡು ಬೆಳೆಯ ನಡುವೆ

ನಾನು ಬರೆಯಬೇಕು ಅಂದುಕೊಂಡದ್ದು ಒಂದು ಬಾವಿಯ ಕಥೆ.

ಶಿಡ್ಲಘಟ್ಟದ ಹತ್ತಿರದ ನನ್ನ ತವರೂರಲ್ಲಿ ತಾತ ತೋಡಿಸಿದ ಬಾವಿಯೊಂದಿದೆ. ತಾತ ಅದರಿಂದ ಕಪಿಲೆ ಹೊಡೆದು, ಅಂದರೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ, ನೀರೆತ್ತಿದರು. ಅಪ್ಪ ಮೋಟಾರು ಇಟ್ಟರು. ಅಣ್ಣನ ಕಾಲಕ್ಕೆ ಬಾವಿ ಒಣಗಿತು. ಈಗ ತೋಟಕ್ಕೆ ನೀರು ಬರುವುದು ಸಾವಿರ ಅಡಿಗೂ ಕೆಳಗಿನ ಬೋರ್‌ವೆಲ್‌ನಿಂದ. ಕಪಿಲೆಯನ್ನು ಕಣ್ಣಾರೆ ಕಂಡವರು ನಮ್ಮ ಮನೆಯಲ್ಲಿ ಉಳಿದಿರುವುದು ಅಮ್ಮ ಒಬ್ಬಳೇ. ಅವಳಿಗೆ 76 ವರ್ಷ. ಅವಳು ಹೇಳುವ ಹಾಗಿರುವಾಗಲೇ ಎಲ್ಲ ಬರೆದಿಡಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇತ್ತು. ಪುಸ್ತಕ ತಂದಿಟ್ಟುಕೊಂಡಿದ್ದೆ. ಕೂತು ಬರೆಯಲು ಜಾಗ ಇರಲಿಲ್ಲ.

ಜಾಗ ಅಂದರೆ ದೊಡ್ಡದೇನೂ ಕೇಳಲಿಲ್ಲ. ಒಂದು ಕುರ್ಚಿ, ಮೊಣಕೈ ಊರಲು ಒಂದು ಹಲಗೆ, ದಿನಕ್ಕೆ ಎರಡು ಗಂಟೆ ಹೊತ್ತು. ಅಷ್ಟನ್ನು ಹುಡುಕಲು ನನಗೆ ಒಂದೂವರೆ ವರ್ಷ ಹಿಡಿಯಿತು.

ನಾವಿರುವುದು ಚಿಕ್ಕಬಳ್ಳಾಪುರದಲ್ಲಿ, ಗಂಗಮ್ಮನ ಗುಡಿ ರಸ್ತೆಯಿಂದ ಸ್ವಲ್ಪ ಒಳಗೆ, ಬಾಡಿಗೆ ಮನೆಯಲ್ಲಿ. ಒಂದು ಹಾಲು, ಒಂದು ರೂಮು, ಅಡುಗೆಮನೆ. ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ನಾನು ಒಂದು ಖಾಸಗಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯಿಂದ ಬಂದರೆ ಅಡುಗೆ, ಮಕ್ಕಳ ಓದು, ತಿದ್ದಬೇಕಾದ ನೋಟ್ಸು. ರಾತ್ರಿ ಹತ್ತಕ್ಕೆ ಕೈ ಬಿಡುವಾದರೂ ಅಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ.

ಬೆಳಗಿನ ಜಾವ ಎದ್ದು ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಅದನ್ನೇ ಮಾಡಿದೆ. ನಾಲ್ಕೂವರೆಗೆ ಎದ್ದು, ಅಡುಗೆಮನೆ ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಮಣೆ ಹಾಕಿಕೊಂಡು ಕೂತೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಅತ್ತೆಗೆ ಎಚ್ಚರವಾಯಿತು. "ಏನಮ್ಮಾ, ಇಷ್ಟು ಹೊತ್ತಿಗೇ ಎದ್ದಿದೀಯಾ? ಮೈ ಹುಷಾರಿಲ್ವಾ?" ಅಂತ ಬಂದು ಹಣೆ ಮುಟ್ಟಿ ನೋಡಿದರು. ಬರೆಯುತ್ತಿದ್ದೇನೆ ಅಂದೆ. "ಹಂಗಾದ್ರೆ ಒಂದು ಲೋಟ ಕಾಫಿ ಮಾಡ್ತೀನಿ ತಾಳು" ಅಂದರು. ಅಂದಿನಿಂದ ನನಗೆ ಜೊತೆಯಾಗಲೆಂದು ಅವರೂ ನಾಲ್ಕೂವರೆಗೇ ಏಳತೊಡಗಿದರು. ಆ ಪ್ರೀತಿಗೆ ನಾನು ಏನು ಹೇಳಲಿ? ಕಾಫಿ ಕುಡಿಯುತ್ತಾ ಅವರ ಮಂಡಿ ನೋವಿನ ಮಾತು, ಮೈದುನನ ಮಗಳ ಮದುವೆ ಮಾತು. ಐದಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ. ನಮ್ಮ ಊರಿಗೆ ಕುಡಿಯಲು ಜಕ್ಕಲಮಡುಗು ಜಲಾಶಯದ ನೀರು. ನಮ್ಮ ಬೀದಿಗೆ ಬಿಟ್ಟ ದಿನ ಬಿಂದಿಗೆ, ಡ್ರಮ್ಮು, ಬಕೆಟ್ಟು ಎಲ್ಲ ಹೊರಗೆ ಬರುತ್ತವೆ. "ಅಕ್ಕಾ, ನೀರು ಬಂತು!" ಅಂತ ಬೀದಿಗೆ ಬೀದಿಯೇ ಒಬ್ಬರನ್ನೊಬ್ಬರು ಕರೆಯುತ್ತದೆ. ಆ ಕೂಗಿಗೆ ಏಳದೆ ಕೂರುವವರು ಯಾರು?

ಒಂದು ಭಾನುವಾರ ಪುಸ್ತಕದ ಅಂಚಿನಲ್ಲಿ ಗೀಟು ಹಾಕಿ ಎಣಿಸಿದೆ. ಒಂದು ಗಂಟೆಯಲ್ಲಿ ಮನೆಯವರು ನನ್ನನ್ನು 14 ಸಲ ಕರೆದಿದ್ದರು. ಇಸ್ತ್ರಿ ಬಟ್ಟೆ ಎಲ್ಲಿದೆ, ಗ್ಯಾಸು ಆಫ್ ಮಾಡಲಾ, ಅಮ್ಮಾ ಇದು ಭಾಗಿಸೋದಾ ಗುಣಿಸೋದಾ. ಒಂದೂ ತಪ್ಪು ಪ್ರಶ್ನೆ ಅಲ್ಲ. ಒಂದೊಂದಕ್ಕೂ ಅರ್ಧ ನಿಮಿಷ ಸಾಕು. ಆದರೆ ಆ ಅರ್ಧ ನಿಮಿಷ ಆದಮೇಲೆ ಬಾವಿಯ ಹತ್ತಿರ ವಾಪಸ್ ಹೋಗಲು ನನಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಹೋಗುವಷ್ಟರಲ್ಲಿ ಮತ್ತೆ ಕರೆ.

ಟೆರೇಸಿಗೆ ಹೋದೆ. ಬಟ್ಟೆ ಒಣಗಿಸಲು ಬರುವ ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲದಿದ್ದರೆ ಅವರಿಗೆ ಬೇಜಾರು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲಾ ಕೇಂದ್ರ ಆದ ಮೇಲೆ ಊರು ಸಿಕ್ಕಾಪಟ್ಟೆ ಬೆಳೆದಿದೆ. ಬಿ.ಬಿ. ರಸ್ತೆಯ ಹಾರ್ನ್ ಸದ್ದು ಟೆರೇಸಿನವರೆಗೂ ಬರುತ್ತದೆ. ನನಗೆ ಬೇಕಾದದ್ದು ಸದ್ದಿಲ್ಲದ ಜಾಗ ಅಂತ ಆಗ ನಾನು ಗಟ್ಟಿಯಾಗಿ ನಂಬಿದ್ದೆ. ಹಾಗಾಗಿ ಸದ್ದಿಲ್ಲದ ಜಾಗಗಳನ್ನೇ ಹುಡುಕಿಕೊಂಡು ಹೋದೆ.

ಗ್ರಂಥಾಲಯಕ್ಕೆ ನಾಲ್ಕು ಶನಿವಾರ ಹೋದೆ. ಅಲ್ಲಿ ನಿಜಕ್ಕೂ ನಿಶ್ಶಬ್ದ. ಒಂದು ಕಡೆ ಪೇಪರ್ ಓದುವ ಹಿರಿಯರು. ಉಳಿದ ಕುರ್ಚಿಗಳಲ್ಲೆಲ್ಲ ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಮಕ್ಕಳು. ಊಟದ ಡಬ್ಬಿ ತಂದುಕೊಂಡು ಬೆಳಗಿನಿಂದ ಸಂಜೆಯವರೆಗೂ ಓದುತ್ತಾರೆ. ನಾಲ್ಕನೇ ಶನಿವಾರ ಒಬ್ಬ ಹುಡುಗ ಕಿಟಕಿಯ ಹತ್ತಿರ ನಿಂತುಕೊಂಡೇ ಪುಸ್ತಕ ಹಿಡಿದು ಓದುತ್ತಿದ್ದ. ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದ. ಯಾವುದೋ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದನೇನೋ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಆಮೇಲೆ ಅಲ್ಲಿಗೆ ಹೋಗಲು ಮನಸ್ಸು ಬರಲಿಲ್ಲ. ನನ್ನ ಬಾವಿ ಇನ್ನೊಂದು ವರ್ಷ ಕಾಯಬಹುದು. ಆ ಮಕ್ಕಳ ವಯಸ್ಸಿನ ಮಿತಿ ಕಾಯುವುದಿಲ್ಲ.

ಕಂದವಾರ ಕೆರೆ ಏರಿಯ ಮೇಲೂ ಕೂತು ನೋಡಿದೆ. ಬೆಂಗಳೂರಿನ ಹೆಬ್ಬಾಳ, ನಾಗವಾರದ ಕಡೆಯಿಂದ ಸಂಸ್ಕರಿಸಿದ ಕೊಳಚೆ ನೀರು ಬಂದ ಮೇಲೆ ಕೆರೆಯಲ್ಲಿ ನೀರು ನಿಂತಿದೆ, ಕಣ್ಣಿಗೆ ಹಿತ. ಆದರೆ ಒಬ್ಬ ಹೆಂಗಸು ಏರಿಯ ಮೇಲೆ ಒಂಟಿಯಾಗಿ ಕೂತಿದ್ದರೆ ನಮ್ಮ ಕಡೆ ಜನ ಗಾಬರಿಯಾಗುತ್ತಾರೆ. ವಾಕಿಂಗ್ ಬಂದ ಹಿರಿಯರೊಬ್ಬರು ಎರಡು ಸಲ ಮುಂದೆ ಹೋಗಿ, ಮೂರನೇ ಸಲ ನಿಂತರು. "ಯಾಕಮ್ಮ ಒಬ್ರೇ ಕೂತಿದೀರಾ? ಮನೇಲಿ ಏನಾದ್ರೂ ತೊಂದ್ರೆನಾ?" ಅಂದರು. ಅವರ ದನಿಯಲ್ಲಿ ನಿಜವಾದ ಆತಂಕ ಇತ್ತು. ಏನಿಲ್ಲ ಸಾರ್, ಸುಮ್ನೆ ಬರೀತಿದೀನಿ ಅಂದೆ. ಅವರು ನಂಬಲಿಲ್ಲ. ನಾನು ಎದ್ದು ರಸ್ತೆಗೆ ಬರುವವರೆಗೂ ಅಲ್ಲೇ ನಿಂತಿದ್ದರು. ಗಂಡಸರಾದರೆ ಟೀ ಅಂಗಡಿಯ ಬೆಂಚಿನ ಮೇಲೆ ಎರಡು ಗಂಟೆ ಕೂರಬಹುದು, ಯಾರೂ ಕೇಳುವುದಿಲ್ಲ. ಹೆಂಗಸು ಕೂರಬೇಕಾದರೆ ಒಂದು ಕಾರಣ ಬೇಕು. ದೇವಸ್ಥಾನ, ಆಸ್ಪತ್ರೆ, ಬಸ್ ಸ್ಟಾಂಡು. ಇದು ನನ್ನನ್ನು ಬಹಳ ದಿನ ಕಾಡಿತು, ಈಗಲೂ ಕಾಡುತ್ತದೆ.

ಹಾಗಾದರೆ ದೇವಸ್ಥಾನವೇ ಸರಿ ಅಂತ ನಂದಿ ಗ್ರಾಮಕ್ಕೆ ಹೋದೆ. ಬೆಟ್ಟದ ಮೇಲಕ್ಕಲ್ಲ. ಅಲ್ಲಿ ರಜೆ ಬಂದರೆ ಬೆಂಗಳೂರಿನ ಗಾಡಿಗಳ ಸಾಲು. ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಗೆ. 9ನೇ ಶತಮಾನದಷ್ಟು ಹಳೆಯ ಗುಡಿ, ಆಮೇಲೆ ಬಂದ ಎಷ್ಟೋ ಅರಸರು ಒಂದೊಂದೇ ಕಟ್ಟಿಸುತ್ತಾ ಬೆಳೆದದ್ದು. ಗುಡಿಯ ಮಗ್ಗುಲಲ್ಲಿ ಶೃಂಗಿ ತೀರ್ಥ ಅನ್ನುವ ದೊಡ್ಡ ಕೊಳ ಇದೆ. ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಸುತ್ತ ಕಂಬಗಳ ಸಾಲು. ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಕಲ್ಲು ತಣ್ಣಗಿತ್ತು. ನೀರಿನ ಬೆಳಕು ಮೇಲಿನ ಕಲ್ಲಿನ ಮೇಲೆ ಅಲ್ಲಾಡುತ್ತಿತ್ತು. ಬಾವಿಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸಿತು. ಒಂದೂವರೆ ಪುಟ ಬರೆದೆ.

ಅಷ್ಟರಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ಬುಟ್ಟಿ ಇಳಿಸಿದರು. "ಏಮಮ್ಮಾ, ಪರೀಕ್ಷಲಾ?" ಅಂದರು. ನಮ್ಮ ಕಡೆ ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಪರೀಕ್ಷೆ ಅಲ್ಲಜ್ಜಿ, ನಮ್ಮ ತಾತನ ಬಾವಿ ವಿಷಯ ಅಂದೆ. ಅಷ್ಟೇ ಸಾಕಾಯಿತು. ಅವರ ತವರೂರ ಬಾವಿ, ಅದರಲ್ಲಿ ಈಜಲು ಕಲಿತದ್ದು, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಹಾರುತ್ತಿದ್ದದ್ದು, ಎಲ್ಲ ಹೇಳಿದರು. ಒಂದು ಗಂಟೆ ಹೇಳಿದರು. ಅವರು ಹೇಳಿದ್ದು ನನ್ನ ಕಥೆಯೊಳಗೆ ಬಂದಿದೆ, ಅದಕ್ಕೆ ಅವರಿಗೆ ಋಣಿ. ಆದರೆ ಮುಂದಿನ ಸಲ ಹೋದಾಗ ಅವರು ನನಗಾಗಿಯೇ ಕಾಯುತ್ತಿದ್ದರು. ಅದರ ಮುಂದಿನ ಸಲವೂ. ಅಲ್ಲಿ ಕೇಳುವುದಷ್ಟೇ ಸಾಧ್ಯ, ಬರೆಯುವುದು ಸಾಧ್ಯವಿಲ್ಲ ಅಂತ ಗೊತ್ತಾಯಿತು.

ನನ್ನ ತಿಳುವಳಿಕೆ ತಿರುಗಿದ್ದು ಒಂದು ರೈಲಿನಲ್ಲಿ.

ಕೋಲಾರದಲ್ಲಿ ನೆಂಟರ ಗೃಹಪ್ರವೇಶ ಇತ್ತು. ಮಕ್ಕಳಿಗೆ ಪರೀಕ್ಷೆ ಅಂತ ನಾನೊಬ್ಬಳೇ ಹೊರಟೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ದಾಟಿ ಕೋಲಾರ. ಅಮ್ಮನ ಕಾಲದಲ್ಲಿ ಇದೇ ದಾರಿಯಲ್ಲಿ ನ್ಯಾರೋಗೇಜಿನ ಪುಟ್ಟ ರೈಲು ಓಡುತ್ತಿತ್ತು. ದೊಡ್ಡ ಹಳಿ ಹಾಕಿದ ಮೇಲೆ ಕೋಲಾರದವರೆಗೆ ಮತ್ತೆ ರೈಲು ಶುರುವಾದದ್ದು 2013ರಲ್ಲಿ. ಬೋಗಿಯಲ್ಲಿ ಒಂದು ಮಗು ಅಳುತ್ತಿತ್ತು. ಎದುರಿಗೆ ಕೂತ ಇಬ್ಬರು ಟೊಮೆಟೊ ರೇಟಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಕಡ್ಲೆಕಾಯಿ ಮಾರುವವನು ಎರಡು ಸಲ ಹೋದ. ಯಾರದೋ ಮೊಬೈಲಿನಲ್ಲಿ ಹಾಡು. ಚಕ್ರದ ಸದ್ದಂತೂ ಇದ್ದೇ ಇತ್ತು. ಕಿಟಕಿ ಪಕ್ಕದಲ್ಲಿ ಸೀಟು ಸಿಕ್ಕಿತ್ತು, ಸುಮ್ನೆ ಇರಲಿ ಅಂತ ಪುಸ್ತಕ ತೆಗೆದೆ.

ತಲೆ ಎತ್ತಿದಾಗ ಕೋಲಾರ ಬಂದಿತ್ತು. ಆರು ಪುಟ ತುಂಬಿತ್ತು. ಒಂದೂವರೆ ವರ್ಷದಲ್ಲಿ ಒಂದೇ ಸಲಕ್ಕೆ ನಾನು ಅಷ್ಟು ಬರೆದಿರಲಿಲ್ಲ. ಪ್ಲಾಟ್‌ಫಾರಂ ಮೇಲೆ ಇಳಿದು ಅಲ್ಲೇ ನಿಂತುಬಿಟ್ಟೆ. ಅಷ್ಟು ಸದ್ದಿನಲ್ಲಿ ಹೇಗೆ ಬರೆದೆ? ಗ್ರಂಥಾಲಯದ ನಿಶ್ಶಬ್ದದಲ್ಲೂ ಎರಡು ಸಾಲಿಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದವಳು ನಾನು. ಯೋಚಿಸಿದರೆ ಕಾರಣ ಒಂದೇ. ಆ ರೈಲಿನಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ. ಕರೆಯುವವರು ಯಾರೂ ಅಲ್ಲಿ ಇರಲೇ ಇಲ್ಲ. ಸದ್ದು ನನ್ನ ಪಾಡಿಗೆ ನನ್ನನ್ನು ಬಿಡುತ್ತದೆ. ಕರೆ ಬಿಡುವುದಿಲ್ಲ. ಕರೆ ಬರಬಹುದು ಅಂತ ಕಾಯುವ ಕಿವಿ ಇದೆಯಲ್ಲ, ಅದು ಇನ್ನೂ ಕಷ್ಟ. ಇಷ್ಟು ದಿನ ನಾನು ತಪ್ಪು ವಸ್ತುವನ್ನು ಹುಡುಕುತ್ತಿದ್ದೆ.

ಬರೆಯಲೆಂದೇ ರೈಲು ಹತ್ತಿದ್ದು ಆಮೇಲೆ ಒಂದೇ ಸಲ. ಶಿಡ್ಲಘಟ್ಟದಲ್ಲಿ ನನ್ನ ತರಗತಿಯ ಮಗುವಿನ ತಾಯಿ ಹತ್ತಿ "ಮಿಸ್, ನೀವಾ!" ಅಂತ ಪಕ್ಕದಲ್ಲಿ ಕೂತರು. ಅಲ್ಲಿಗೆ ಅದೂ ಮುಗಿಯಿತು.

ಹೋದ ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಮಕ್ಕಳ ಜೊತೆ ತವರಿಗೆ ಹೋದೆ. ಅಣ್ಣ ರೇಷ್ಮೆ ಬೆಳೆಗಾರ. ಸಲಕ್ಕೆ 150 ಮೊಟ್ಟೆ ಹುಳ ಸಾಕುತ್ತಾನೆ. ಮೊಟ್ಟೆ ಅಂದರೆ ಇಲ್ಲಿ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಒಂದು ಗುಂಪು. ತೋಟವನ್ನು ಎರಡು ಭಾಗ ಮಾಡಿಕೊಂಡಿರುವುದರಿಂದ ವರ್ಷಕ್ಕೆ ಎಂಟೊಂಬತ್ತು ಬೆಳೆ. ನಾನು ಹೋದ ದಿನ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಯಾಗಿತ್ತು. ಅಣ್ಣ, ಅತ್ತಿಗೆ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುಳದ ಮನೆ ತೊಳೆಯುತ್ತಿದ್ದರು.

ಹುಳದ ಮನೆ ಅಂದರೆ ಊರ ಮನೆಯಿಂದ ಬೇರೆ, ತೋಟದ ಮಧ್ಯೆ ಕಟ್ಟಿದ ಉದ್ದದ ಶೆಡ್ಡು. ಇಟ್ಟಿಗೆ ಗೋಡೆ, ಮೇಲೆ ಶೀಟು, ಶೀಟಿನ ಮೇಲೆ ಬಿಸಿಲು ತಡೆಯಲು ತೆಂಗಿನ ಗರಿ. ಕಿಟಕಿಗಳಿಗೆಲ್ಲ ಹುಳ ಕೆಡಿಸುವ ಊಜಿ ನೊಣ ಬರದ ಹಾಗೆ ಸಣ್ಣ ಬಲೆ. ಒಳಗೆ ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡುಗಳು. ಅವುಗಳ ಕಾಲಿನ ಕೆಳಗೆ ಒಂದೊಂದು ನೀರಿನ ಬಟ್ಟಲು, ಇರುವೆ ಹತ್ತಬಾರದು ಅಂತ. ಒಂದು ಬೆಳೆ ಇಳಿದ ಮೇಲೆ ನೆಲ, ಗೋಡೆ, ಸ್ಟ್ಯಾಂಡು ಎಲ್ಲವನ್ನೂ ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿದ ನೀರಿನಲ್ಲಿ ತೊಳೆದು ಬಿಡುತ್ತಾರೆ. ಹಳೆ ಬೆಳೆಯ ರೋಗ ಹೊಸ ಹುಳಕ್ಕೆ ಹತ್ತಬಾರದಲ್ಲ. ಮುಂದಿನ ಚಾಕಿ ಹುಳ, ಅಂದರೆ ಮರಿ ಹುಳ, ಬರುವವರೆಗೆ ಹತ್ತಿರ ಹತ್ತಿರ ಹದಿನೈದು ದಿನ ಆ ಮನೆ ಖಾಲಿ. ಖಾಲಿ ಇದ್ದರೂ ಯಾರೂ ಒಳಗೆ ಹೋಗುವ ಹಾಗಿಲ್ಲ.

ಯಾರೂ ಒಳಗೆ ಹೋಗುವ ಹಾಗಿಲ್ಲ. ಚಿಕ್ಕಂದಿನಿಂದ ಕೇಳಿದ ಮಾತು ಅದು. ಅವತ್ತು ಅದೇ ಮಾತು ನನಗೆ ಬೇರೆ ಥರ ಕೇಳಿಸಿತು.

ಅಣ್ಣನನ್ನು ಕೇಳಿದಾಗ ಅವನು ತಕ್ಷಣ ಒಪ್ಪಲಿಲ್ಲ. "ಅಲ್ಲಿ ಏನು ಬರೀತೀಯಮ್ಮ? ಮನೇಲಿ ಫ್ಯಾನ್ ಕೆಳಗೆ ಕೂತ್ಕೋಬಾರ್ದಾ?" ಅಂದ. ಅವನ ಭಯ ನನಗೆ ಅರ್ಥವಾಗುತ್ತಿತ್ತು. ಎರಡು ವರ್ಷದ ಹಿಂದೆ ಹಾಲು ರೋಗ ಬಂದು ಒಂದು ಬೆಳೆ ಪೂರ್ತಿ ಗುಂಡಿಗೆ ಹಾಕಿ ಮುಚ್ಚಿದ್ದರು. ಆ ದಿನ ಅವನ ಮುಖ ನಾನು ನೋಡಿದ್ದೇನೆ. ಕೊನೆಗೆ ಅಮ್ಮ ಹೇಳಿದ ಮೇಲೆ ಒಪ್ಪಿದ. ಷರತ್ತು ಹಾಕಿದ. ಚಪ್ಪಲಿ ಹೊರಗೆ. ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆಸಿದ ಗೋಣಿಚೀಲ ತುಳಿದೇ ಒಳಗೆ ಬರಬೇಕು. ತಿಂಡಿ ಚೂರು ಬೀಳಬಾರದು. ಸೊಳ್ಳೆಬತ್ತಿ, ಊದುಬತ್ತಿ, ಸೆಂಟು ಯಾವುದೂ ಕೂಡದು, ಹುಳಕ್ಕೆ ಆ ವಾಸನೆ ಆಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬರಬಾರದು. ಕೊನೆಯ ಷರತ್ತು ಕೇಳಿ ನನಗೆ ಅಳು ಬರುವಷ್ಟು ಸಂತೋಷವಾಯಿತು.

ಮೊದಲ ಎರಡು ದಿನ ಬ್ಲೀಚಿಂಗ್ ಘಾಟಿಗೆ ಕಣ್ಣು ಉರಿದು ಕೂರಲಾಗಲಿಲ್ಲ. ಮೂರನೇ ದಿನ ಎಲ್ಲ ಕಿಟಕಿ ತೆಗೆದು ಗಾಳಿ ಆಡಿಸಿದೆವು. ಅಣ್ಣ ಎರಡು ಟೊಮೆಟೊ ಕ್ರೇಟು ತೊಳೆದು ತಂದು, ಬೋರಲು ಹಾಕಿ, ಮೇಲೆ ಒಂದು ಹಲಗೆ ಇಟ್ಟುಕೊಟ್ಟ. ಪ್ಲಾಸ್ಟಿಕ್ ಕುರ್ಚಿ ಒಂದು. ಉತ್ತರದ ಕಿಟಕಿಯ ಕೆಳಗೆ ಹಾಕಿಕೊಂಡೆ. ಬಲೆಯ ಮೂಲಕ ಬರುವ ಬೆಳಕು ಮೆತ್ತಗಿತ್ತು, ಕಾಗದ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು, "ಹತ್ತು ಗಂಟೆವರೆಗೆ ಯಾರು ಫೋನ್ ಮಾಡಿದ್ರೂ ನೀನೇ ಮಾತಾಡು" ಅಂದೆ.

ಆದರೂ ಬರೆಯಲಾಗಲಿಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಜಾಗ ಸಿಕ್ಕ ಕೂಡಲೇ ಬರವಣಿಗೆ ಹರಿಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಎರಡು ದಿನ ಆ ತಣ್ಣನೆಯ ಖಾಲಿ ಮನೆಯಲ್ಲಿ ಪೆನ್ನು ಹಿಡಿದು ಸುಮ್ಮನೆ ಕೂತೆ. ಕಿವಿ ಬಾಗಿಲಲ್ಲೇ ಇತ್ತು. ಮಗ ಬಿದ್ದನೇನೋ, ಯಜಮಾನರು ಫೋನ್ ಮಾಡಿದರೇನೋ. ಹದಿನೈದು ವರ್ಷದಿಂದ ಕರೆಗೆ ಏಳುವ ಅಭ್ಯಾಸ ಆದ ಮೈ, ಕರೆ ನಿಂತ ಕೂಡಲೇ ಬಿಡುವುದಿಲ್ಲ. ಮಧ್ಯೆ ಎರಡು ಸಲ ಎದ್ದು ಹೊರಗೆ ಬಂದು ನೋಡಿದೆ. ಮಕ್ಕಳು ಹಿಪ್ಪುನೇರಳೆ ಹಣ್ಣು ತಿಂದು ತುಟಿ ಕಪ್ಪು ಮಾಡಿಕೊಂಡು ಆಡುತ್ತಿದ್ದರು. ಅವರಿಗೆ ನನ್ನ ನೆನಪೇ ಇರಲಿಲ್ಲ.

ಐದನೇ ದಿನ ಒಂಬತ್ತು ಗಂಟೆ ಸುಮಾರಿಗೆ ತಲೆ ಎತ್ತಿದರೆ, ಪಕ್ಕದ ಸ್ಟ್ಯಾಂಡಿನ ಕೆಳಗಿನ ಹಲಗೆಯ ಮೇಲೆ ಒಂದು ಅಗಲ ತಟ್ಟೆ ಇತ್ತು. ತಟ್ಟೆಯಲ್ಲಿ ನೀರು. ನೀರಿನ ನಡುವೆ ಮಜ್ಜಿಗೆ ಲೋಟ, ಮೇಲೆ ಒಂದು ಬಟ್ಟಲು ಮುಚ್ಚಿತ್ತು. ಇರುವೆ ಬರಬಾರದು ಅಂತ ಸ್ಟ್ಯಾಂಡಿನ ಕಾಲಿಗೆ ನೀರು ಕಟ್ಟುವ ಹಾಗೆ ಅಮ್ಮ ಲೋಟಕ್ಕೂ ನೀರು ಕಟ್ಟಿದ್ದಳು. ಯಾವಾಗ ಬಂದಳು, ಯಾವಾಗ ಹೋದಳು, ನನಗೆ ಗೊತ್ತೇ ಆಗಿರಲಿಲ್ಲ. ಗೋಣಿಚೀಲದ ಮೇಲಿಂದ ಅವಳ ಒದ್ದೆ ಹೆಜ್ಜೆ ಒಳಗೆ ಬಂದು, ಹಾಗೇ ಹೊರಗೆ ಹೋಗಿದ್ದವು. ಅರ್ಧ ಆರಿದ್ದವು. ಅವಳು ನನ್ನನ್ನು ಕರೆಯಲಿಲ್ಲ. ಲೋಟ ಇಟ್ಟಿದ್ದೀನಿ ಅಂತಲೂ ಹೇಳಲಿಲ್ಲ. ಮಜ್ಜಿಗೆಗೆ ಕರಿಬೇವು, ಚೂರು ಶುಂಠಿ ಜಜ್ಜಿ ಹಾಕಿದ್ದಳು. ಅದನ್ನು ಕುಡಿದು ಮತ್ತೆ ಬಗ್ಗಿದವಳು ಹನ್ನೊಂದೂವರೆಗೆ ಎದ್ದೆ.

ಅಂದಿನಿಂದ ಕೆಲಸ ಒಂದು ದಾರಿಗೆ ಬಂತು. ಬೆಳಗ್ಗೆ ಏಳರಿಂದ ಹತ್ತರವರೆಗೆ ಹುಳದ ಮನೆ. ಮಧ್ಯಾಹ್ನ ಊಟವಾದ ಮೇಲೆ ಅಮ್ಮನ ಹತ್ತಿರ ಕೂತು, ಬರೆದದ್ದನ್ನು ಓದಿ ಹೇಳುವುದು. ಅವಳು ತಿದ್ದುತ್ತಿದ್ದಳು. ಎತ್ತುಗಳು ನೀರೆಳೆದುಕೊಂಡು ಮೇಲಕ್ಕೆ ಹತ್ತುತ್ತವೆ ಅಂತ ನಾನು ಬರೆದಿದ್ದೆ. "ಅಯ್ಯೋ, ಎಳೆಯುವಾಗ ಇಳಿಜಾರಲ್ಲಿ ಕೆಳಕ್ಕೆ ಹೋಗ್ತವೆ ಕಣೇ, ಭಾರ ಎಳೀಬೇಕಲ್ವಾ. ಚೀಲ ಬಾವಿಗೆ ಬಿಡುವಾಗ ಹಿಮ್ಮೊಗವಾಗಿ ಮೇಲಕ್ಕೆ ಬರ್ತವೆ" ಅಂದಳು. ತಾತ ಹಗ್ಗದ ಮೇಲೆ ಕೂತುಬಿಡುತ್ತಿದ್ದರಂತೆ, ಎತ್ತಿಗೆ ಅಷ್ಟು ಭಾರ ಹಗುರವಾಗಲಿ ಅಂತ. ಹಗ್ಗದ ಸದ್ದು ಹೇಗಿತ್ತು ಅಂದೆ. ಅವಳು ಕಣ್ಣು ಮುಚ್ಚಿ, ಗಂಟಲಲ್ಲಿ ಕಿರ್ರ್ ಅಂತ ಎಳೆದು, ಆಮೇಲೆ ಚರ್ಮದ ಚೀಲ ಬಾಯಿಬಿಟ್ಟು ನೀರು ತೊಟ್ಟಿಗೆ ಬೀಳುವ ಸದ್ದು ಮಾಡಿ ತೋರಿಸಿದಳು. ಪಕ್ಕದಲ್ಲಿ ಸೊಪ್ಪು ಕಟ್ಟುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿ ಕೇಳಿದರು. ಆ ಸದ್ದನ್ನು ನಾನು ಅಕ್ಷರದಲ್ಲಿ ಇನ್ನೂ ಹಿಡಿದಿಲ್ಲ. ಮೂರು ಸಲ ಬರೆದು ಹೊಡೆದುಹಾಕಿದ್ದೇನೆ.

ಹನ್ನೆರಡನೇ ದಿನ ಚಾಕಿ ಹುಳ ಬಂದವು. ಎರಡನೇ ಜ್ವರ ಎದ್ದ ಹುಳ. ನಮ್ಮ ಕಡೆ ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗುವುದನ್ನು ಜ್ವರ ಅನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ನಾನು ಒಂದು ಸಾಲಿನ ಮಧ್ಯೆ ಇದ್ದೆ. ಅಣ್ಣ ಬಾಗಿಲಲ್ಲಿ ನಿಂತಿದ್ದ, ಅವನೂ ಕರೆಯಲಿಲ್ಲ. ಆಟೋದವರು ಟ್ರೇ ಇಳಿಸಲು ಕಾಯುತ್ತಿದ್ದರು. ನಾನು ಸಾಲು ಮುಗಿಸಿ, ಕ್ರೇಟು, ಹಲಗೆ ಹೊರಗೆ ಹಾಕಿದೆ.

ಆಮೇಲಿನ ದಿನಗಳಲ್ಲಿ ಒಳಗೆ ನನಗೆ ಜಾಗವಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಹಸಿವು ಜಾಸ್ತಿ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಆ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತವೆ. ಅಣ್ಣ ಅತ್ತಿಗೆಗೆ ನಿದ್ದೆ ಇರುವುದಿಲ್ಲ. ನಾನೂ ರೆಂಬೆ ಹೊತ್ತು ಹಾಕಿದೆ. ರಾತ್ರಿ ಸೊಪ್ಪು ಹಾಕಿ ಲೈಟು ಆರಿಸಿ ನಿಂತರೆ, ಒಳಗೆಲ್ಲ ತುಂತುರು ಮಳೆ ಬಿದ್ದ ಹಾಗೆ ಸದ್ದು. ಆ ಸದ್ದಿನಲ್ಲಿ ಬೇಕಾದರೂ ಬರೆಯಬಹುದಿತ್ತು. ಕೂರಲು ಹಲಗೆಯಷ್ಟೂ ಜಾಗ ಇರಲಿಲ್ಲ.

ಶಾಲೆ ಶುರುವಾದ ಮೇಲೆ ನನ್ನ ಬರವಣಿಗೆಯ ಕ್ಯಾಲೆಂಡರು ಅಣ್ಣನ ಬೆಳೆಯ ಕ್ಯಾಲೆಂಡರೇ ಆಯಿತು. ಮನೆ ಖಾಲಿಯಾದ ಹದಿನೈದು ದಿನದಲ್ಲಿ ಎರಡು ಶನಿವಾರ, ಎರಡು ಭಾನುವಾರ ಸಿಗುತ್ತವೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಶಿಡ್ಲಘಟ್ಟದ ಬಸ್ಸು. ಭಾನುವಾರ ಸಂಜೆ ವಾಪಸ್. ಹುಳ ಇರುವ ದಿನಗಳಲ್ಲಿ ಬರೆ ಅಂತ ನನ್ನನ್ನು ನಾನು ಒತ್ತಾಯ ಮಾಡುವುದಿಲ್ಲ. ಆಗ ಬರೆದದ್ದನ್ನು ಓದುತ್ತೇನೆ, ಅಮ್ಮನಿಗೆ ಕೇಳಬೇಕಾದ್ದನ್ನು ಪುಸ್ತಕದ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಇದು ಕರೆಯ ಮಧ್ಯೆಯೂ ಆಗುವ ಕೆಲಸ.

ಚಿಕ್ಕಬಳ್ಳಾಪುರದ ಮನೆಯಲ್ಲೂ ಒಂದು ಬದಲಾವಣೆ ಆಗಿದೆ. ಅಮ್ಮನ ಮಜ್ಜಿಗೆ ಲೋಟದ ವಿಷಯವನ್ನು ಅತ್ತೆಗೆ ಹೇಳಿದ್ದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಅಷ್ಟೊಂದು ಸಲ ಕರೀತಿದ್ನೇನಮ್ಮ?" ಅಂದರು. ಅವರ ಮನಸ್ಸು ನೋಯಿತೇನೋ ಅಂತ ನನಗೆ ಹೆದರಿಕೆಯಾಯಿತು. ಈಗ ಅವರು ಬೆಳಗಿನ ಜಾವ ಎಚ್ಚರವಾದರೂ ಹಾಲಿನಲ್ಲೇ ಕೂತು ಜಪ ಮಾಡುತ್ತಾರೆ. ನೀರು ಬಂದರೆ ಮಗನನ್ನು ಎಬ್ಬಿಸುತ್ತಾರೆ. ಅವನು ಬಿಂದಿಗೆ ಹಿಡಿಯಲು ಕಲಿತಿದ್ದಾನೆ. ವಾರದಲ್ಲಿ ಮೂರು ದಿನ ನನಗೆ ಅರ್ಧ ಗಂಟೆ ಸಿಗುತ್ತದೆ. ಹುಳದ ಮನೆಯ ಮೂರು ಗಂಟೆಗೆ ಅದು ಸಾಟಿಯಲ್ಲ, ಆದರೆ ತಿದ್ದಲು ಸಾಕು.

ಏಪ್ರಿಲ್‌ನಿಂದ ಈಗ ಆರನೇ ಬೆಳೆ ನಡೆಯುತ್ತಿದೆ. ಪುಸ್ತಕದಲ್ಲಿ 112 ಪುಟ ಆಗಿದೆ. ಕಪಿಲೆಯದು ಮುಗಿದಿದೆ, ಅಪ್ಪನ ಮೋಟಾರಿನದೂ ಮುಗಿದಿದೆ. ಬಾವಿ ಒಣಗಿದ ಭಾಗ ಬಾಕಿ.

ಮೊನ್ನೆ ರಾತ್ರಿ ಅಣ್ಣ ಫೋನ್ ಮಾಡಿದ್ದ. "ನಾಲ್ಕನೇ ಜ್ವರ ಎದ್ದವು ಕಣಮ್ಮ. ಚಳಿಗೆ ಸ್ವಲ್ಪ ನಿಧಾನ. ಗೂಡು ಬಿಡಿಸಿ, ತೊಳೆದು, ಗಾಳಿ ಆಡಿಸೋಕೆ ಇನ್ನೂ ಎರಡು ವಾರದ ಮೇಲೆ ಬೇಕು" ಅಂದ. ಸರಿ ಅಣ್ಣ ಅಂದೆ. ಅವನು ಫೋನ್ ಇಡಲಿಲ್ಲ. ನಾನು ಏನು ಬರೆಯುತ್ತೇನೆ ಅಂತ ಇಷ್ಟು ದಿನದಲ್ಲಿ ಅವನು ಒಂದು ಸಲವೂ ಕೇಳಿದವನಲ್ಲ.

"ಬಾವಿ ಒಣಗಿದ್ದು ಬರೆದೆಯಾ?" ಅಂದ.

ಇನ್ನೂ ಇಲ್ಲ ಅಂದೆ.

"ಅದು ಅಮ್ಮಂಗೆ ಪೂರ್ತಿ ಗೊತ್ತಿಲ್ಲ. ಕೊನೇ ಸಲ ಬಾವಿಯೊಳಗೆ ಇಳಿದು ಮೋಟಾರು ಬಿಚ್ಚಿದ್ದು ನಾನೇ. ಬಾ, ತೊಳೆದ ಮೇಲೆ ಅಲ್ಲೇ ಕೂತು ಹೇಳ್ತೀನಿ. ಇನ್ನೊಂದು ಕುರ್ಚಿ ಹಾಕಿರ್ತೀನಿ."